ಅಳಿಯನಿಗೊಂದು ಕಾಗದ: ಮೊದಲು ರಬ್ಬರ್ ನೋಡು, ಆಮೇಲೆ ರೇಟು

ಶಿವಮೊಗ್ಗ, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಳಿಯಾ,

ನೀನು ಕಳಿಸಿದ ಮೂರೂ ಲಿಂಕ್ ನೋಡಿದೆ. "ಮಾವ, ಯಾವ ಇಯರ್‌ಫೋನ್ ತಗೊಳ್ಳಲಿ, ಬೇಗ ಹೇಳು, ಆಫರ್ ಇವತ್ತು ರಾತ್ರಿಗೆ ಮುಗಿಯುತ್ತೆ" ಅಂತ ಬರೆದಿದ್ದೀಯ. ಮುಗಿಯಲಿ ಬಿಡು. ಮುಂದಿನ ವಾರ ಅದೇ ಆಫರ್ ಇನ್ನೊಂದು ಹೆಸರಿಟ್ಟುಕೊಂಡು ಬರುತ್ತೆ. ವಾಟ್ಸಾಪಿನಲ್ಲಿ ಎರಡು ಸಾಲು ಹಾಕಿದರೆ ನಿನಗೂ ಅರ್ಥ ಆಗಲ್ಲ, ನನಗೂ ಸಮಾಧಾನ ಆಗಲ್ಲ. ಇವತ್ತು ಅಂಗಡಿಗೆ ರಜೆ, ಹೊರಗೆ ಜಡಿಮಳೆ, ನಿಮ್ಮತ್ತೆ ಯಾರದೋ ಮದುವೆಗೆ ಹೋಗಿದ್ದಾಳೆ. ಹಾಗಾಗಿ ಉದ್ದ ಬರೆಯುತ್ತೇನೆ, ಸುಮ್ನೆ ಓದು.

ಮೂರರಲ್ಲಿ ಒಂದು 12,000 ರೂಪಾಯಿಯದ್ದು, ಅದೂ ಕಂತಿನ ಮೇಲೆ. ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳಾಗಿಲ್ಲ, ಪಿಜಿ ಅಡ್ವಾನ್ಸ್ ಕೊಟ್ಟಿದ್ದು ನಿಮ್ಮಮ್ಮ. ಬೇಡ ಮಾರಾಯ. ನೀನು ಬಸ್ಸಲ್ಲಿ, ಮೆಟ್ರೋದಲ್ಲಿ, ರಾತ್ರಿ ಮಲಗುವ ಮುಂಚೆ ಹಾಡು ಕೇಳುವವನು. ಅದಕ್ಕೆ 2,000 ರೂಪಾಯಿ ಒಳಗೆ ಸಿಗುವುದೇ ಧಾರಾಳವಾಯ್ತು. ನಾನು ಜಿಪುಣತನಕ್ಕೆ ಹೇಳುತ್ತಿಲ್ಲ. ಹತ್ತು ವರ್ಷದ ಹಿಂದೆ ಕೇಳಿದ್ದರೆ ಬೇರೆ ಮಾತು ಹೇಳುತ್ತಿದ್ದೆ, ಆಗ ಈ ದುಡ್ಡಿಗೆ ತಗಡು ಡಬ್ಬ ಬಡಿದ ಹಾಗೆ ಕೇಳುವ ಮಾಲೇ ಜಾಸ್ತಿ.

ಈಗ ಎಲ್ಲರೂ ಕೇಳುವುದು "ಯಾವ ಕಂಪನಿ" ಅಂತ. ನಾನು ಮೊದಲು ಕೇಳುವುದು ನಿನ್ನ ಕಿವಿಯ ತೂತು ಎಷ್ಟು ದೊಡ್ಡದು ಅಂತ. ನಗಬೇಡ. ಹೋದ ತಿಂಗಳು ಕಾಲೇಜು ಹುಡುಗಿಯೊಬ್ಬಳು ಅಂಗಡಿಗೆ ಬಂದು "ಅಂಕಲ್, ಹೊಸದು, ಬೇಸೇ ಬರ್ತಿಲ್ಲ, ಡುಪ್ಲಿಕೇಟ್ ಅನ್ಸುತ್ತೆ" ಅಂದಳು. ನೋಡಿದೆ, ಮಾಲು ಅಸಲಿಯೇ. ತುದಿಗೆ ಸಿಕ್ಕಿಸುವ ಮೆತ್ತನೆಯದಿದೆಯಲ್ಲ, ನೀವು ಟಿಪ್ ಅಂತೀರಿ, ಅಂಗಡಿಗೆ ಬರುವವರು ರಬ್ಬರ್ ಅಂತಾರೆ, ಅದು ಡಬ್ಬಿಯಿಂದ ಬಂದ ಹಾಗೇ ಮಧ್ಯದ ಸೈಜಿನದ್ದೇ ಇತ್ತು. ಚಿಕ್ಕದು, ದೊಡ್ಡದು ಎರಡೂ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಕೂತಿದ್ದವು. ಬಲಗಿವಿಗೆ ದೊಡ್ಡದು ಹಾಕಿಸಿದೆ, ಎಡಕ್ಕೆ ಇದ್ದದ್ದೇ ಸಾಕಾಯ್ತು. ಎರಡು ಕಿವಿ ಒಂದೇ ಅಳತೆ ಇರಬೇಕು ಅಂತ ಏನಿಲ್ಲ ನೋಡು. ಹಾಡು ಹಾಕಿದ ತಕ್ಷಣ ಅವಳ ಕಣ್ಣು ಅಗಲವಾಯ್ತು. ನಾನು ಒಂದು ಪೈಸೆ ತಗೊಳ್ಳಲಿಲ್ಲ, ತಗೊಳ್ಳುವುದಕ್ಕೆ ಏನು ಕೆಲಸ ಮಾಡಿದ್ದೆ ಹೇಳು.

ಕಾರಣ ಸುಲಭ. ನಮ್ಮ ಅಂಗಡಿಯ ದೊಡ್ಡ ಸ್ಪೀಕರ್ ಇಡೀ ರೂಮಿನ ಗಾಳಿ ಅಲ್ಲಾಡಿಸಬೇಕು. ಕಿವಿಯೊಳಗಿನದ್ದು ಸುಮಾರು 10 ಮಿಲಿಮೀಟರ್ ಅಗಲದ ಒಂದು ತೆಳು ಪೊರೆ ಅಷ್ಟೇ, ಅದರ ಕೆಲಸ ಕಿವಿಯ ಓಣಿಯಲ್ಲಿರುವ ಚೂರು ಗಾಳಿಯನ್ನು ಒತ್ತುವುದು. ಸೈಕಲ್ ಪಂಪಿನ ವಾಷರ್ ಸವೆದರೆ ಎಷ್ಟು ಒತ್ತಿದರೂ ಟ್ಯೂಬಿಗೆ ಗಾಳಿ ಹೋಗಲ್ಲ ಅಲ್ವಾ, ಹಾಗೇ ಇದು. ಸಂದಿ ಇದ್ದರೆ ಮೊದಲು ಸೋರಿ ಹೋಗುವುದು ದಪ್ಪ ದನಿ, ಅಂದರೆ ಬೇಸ್. ಉಳಿಯುವುದು ಕೀರಲು ದನಿ. ಜನ ಆಗ ಕಂಪನಿಗೆ ಬೈಯುತ್ತಾರೆ, ವಾಲ್ಯೂಮ್ ಏರಿಸುತ್ತಾರೆ, ಆಮೇಲೆ ಇನ್ನೂ ದುಬಾರಿಯದ್ದನ್ನು ತಗೊಂಡು ಅದನ್ನೂ ಹೀಗೇ ಸಡಿಲವಾಗಿ ಹಾಕಿಕೊಳ್ಳುತ್ತಾರೆ.

ಪರೀಕ್ಷೆ ಮಾಡುವುದು ಹೇಗೆ ಅಂದರೆ, ಹಾಡು ಓಡುತ್ತಿರುವಾಗ ಬೆರಳಿಂದ ಮೆಲ್ಲಗೆ ಒಳಗೆ ಒತ್ತು. ದಪ್ಪ ದನಿ ದಿಢೀರನೆ ಜಾಸ್ತಿಯಾದರೆ ರಬ್ಬರ್ ಸರಿ ಕೂತಿಲ್ಲ, ಒಂದು ಸೈಜು ಬದಲಾಯಿಸು. ಹಾಕಿಕೊಳ್ಳುವಾಗ ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಸ್ವಲ್ಪ ಮೇಲಕ್ಕೆ ಹಿಂದಕ್ಕೆ ಎಳೆದು ಹಿಡಿ, ಓಣಿ ನೆಟ್ಟಗಾಗುತ್ತೆ, ಆಗ ಸಲೀಸಾಗಿ ಕೂರುತ್ತೆ. ನೋವಾದರೆ ಚಿಕ್ಕದು ಹಾಕು. ಯಾವುದೂ ಸರಿ ಹೋಗದಿದ್ದರೆ ಸ್ಪಂಜಿನದ್ದು ಸಿಗುತ್ತೆ, ಹಿಸುಕಿ ಒಳಗೆ ಇಟ್ಟರೆ ಅದೇ ಉಬ್ಬಿ ಕೂರುತ್ತೆ. ಆದರೆ ಬೇಗ ಕೊಳೆಯಾಗುತ್ತೆ.

ಇನ್ನು ವೈರ್ ಇರುವುದೋ ಇಲ್ಲದ್ದೋ. ನೀನು ಕಳಿಸಿದ ಎರಡು ವೈರ್ ಇಲ್ಲದವು. ಅನುಕೂಲ ಅಂತ ಒಪ್ಪುತ್ತೇನೆ. ನಾನೂ ಒಂದು ಜೊತೆ ತಗೊಂಡಿದ್ದೆ, ಯಾವ ಕಂಪನಿ ಅಂತ ಹೇಳಲ್ಲ. ಮೊದಲ ವರ್ಷ ಭರ್ಜರಿ. ಎರಡನೇ ವರ್ಷ ಬಲಗಡೆಯದ್ದು ಎಡಗಡೆಗಿಂತ ಮುಂಚೆ ಸತ್ತು ಹೋಗಲು ಶುರು, ಆಮೇಲೆ ಮುಕ್ಕಾಲು ಗಂಟೆಯೂ ಬರಲಿಲ್ಲ. ಒಳಗಿರುವುದು ಗುಂಡಿ ಗಾತ್ರದ ಲಿಥಿಯಂ ಸೆಲ್, ಚಾರ್ಜ್ ಮಾಡಿದಷ್ಟೂ ಸವೆಯುವ ಪೈಕಿ. ಮೂವತ್ತು ವರ್ಷದಿಂದ ರೇಡಿಯೋ ಬಿಚ್ಚಿದವನು ನಾನು, ಇದೇನು ಮಹಾ ಅಂತ ಬ್ಲೇಡ್ ಹಿಡಿದು ಕೂತೆ. ಪೂರ್ತಿ ಅಂಟು ಹಾಕಿ ಮುಚ್ಚಿದ್ದಾರೆ ಕಣೋ, ಸ್ಕ್ರೂ ಅನ್ನುವ ವಸ್ತುವೇ ಇಲ್ಲ. ಬಿಚ್ಚುವಷ್ಟರಲ್ಲಿ ಚಿಪ್ಪು ಎರಡು ಹೋಳು, ಸೆಲ್ಲಿನ ಕಾಲು ಕಿತ್ತು ಬಂತು. ಅಲ್ಲಿಗೆ ಅದರ ಕಥೆ ಮುಗೀತು. ಬೇಕಾದರೆ ಮುಂದೆ ತಗೋ, ಓಡುವಾಗ, ಜಿಮ್ಮಿಗೆ ಹೋಗುವಾಗ ಅದೇ ವಾಸಿ. ಆದರೆ 2,000ದಲ್ಲಿ ವೈರ್ ಇಲ್ಲದ್ದು ತಗೊಂಡರೆ ಆ ದುಡ್ಡಲ್ಲಿ ಬ್ಯಾಟರಿ, ಬ್ಲೂಟೂತ್ ಚಿಪ್, ಚಾರ್ಜಿಂಗ್ ಡಬ್ಬಿ ಎಲ್ಲಕ್ಕೂ ಪಾಲು ಹೋಗುತ್ತೆ. ವೈರಿನದ್ದರಲ್ಲಿ ಪೂರ್ತಿ ದುಡ್ಡು ದನಿಗೇ ಬೀಳುತ್ತೆ.

"ಮಾವ, ನನ್ನ ಫೋನಲ್ಲಿ ಇಯರ್‌ಫೋನ್ ತೂತೇ ಇಲ್ಲ" ಅಂತ ನೀನು ಹೇಳುತ್ತೀಯ ಅಂತ ಗೊತ್ತು. 2016ರಲ್ಲಿ ಆಪಲ್‌ನವರು ಐಫೋನ್ 7ರಲ್ಲಿ ತೆಗೆದುಹಾಕಿದರು, ಉಳಿದವರು ಮೊದಮೊದಲು ನಕ್ಕು ಆಮೇಲೆ ತಾವೂ ತೆಗೆದರು. ಟೈಪ್-ಸಿ ಕಡೆಯಿಂದ 3.5 ಮಿಲಿಮೀಟರ್ ತೂತಿಗೆ ಬರುವ ಪುಟ್ಟ ಬಾಲದಂಥ ಡಾಂಗಲ್ ಸಿಗುತ್ತೆ, ಒಳಗೆ ಡ್ಯಾಕ್ ಚಿಪ್, ಅಂದರೆ ಫೋನಿನ ಡಿಜಿಟಲ್ ಲೆಕ್ಕವನ್ನು ದನಿಯ ಕರೆಂಟಾಗಿ ಬದಲಾಯಿಸುವ ಚಿಪ್, ಇರುವುದನ್ನೇ ಕೇಳಿ ತಗೋ. ಚಿಪ್ ಇಲ್ಲದ ಬರೀ ತಂತಿಯದ್ದು ಕೆಲವು ಫೋನಲ್ಲಿ ಮಾತ್ರ ನಡೆಯುತ್ತೆ, ಉಳಿದದ್ದರಲ್ಲಿ ಕುಂಯ್ ಅನ್ನಲ್ಲ. ಆಪಲ್‌ನ ಡಾಂಗಲ್ ಒಳ್ಳೆಯದೇ, ಆದರೆ ಆಂಡ್ರಾಯ್ಡ್ ಫೋನಿಗೆ ಹಾಕಿದರೆ ದನಿ ಕಮ್ಮಿ ಬರುತ್ತೆ. ನಿನ್ನದು ಆಂಡ್ರಾಯ್ಡ್, ಬೇರೆಯದ್ದು ನೋಡು. ಈಗ ನೇರ ಟೈಪ್-ಸಿ ಪಿನ್ನಿನ ಇಯರ್‌ಫೋನೂ ಬರುತ್ತೆ, ಅದಾದರೆ ಬಾಲದ ರಗಳೆಯೇ ಇಲ್ಲ.

ಸರಿ, ಹೆಸರಿಗೆ ಬರುತ್ತೇನೆ. ಚೀನಾದ ಕೆಲವು ಕಂಪನಿಗಳು ಈ ರೇಟಿನಲ್ಲಿ ಮಾರುಕಟ್ಟೆಯನ್ನೇ ತಿರುಗಿಸಿ ಹಾಕಿವೆ. ಮೂನ್‌ಡ್ರಾಪ್‌ನವರ ಚೂ 2, ಸೆವೆನ್‌ಹರ್ಟ್ಸ್‌ನವರ ಝೀರೋ, ಇನ್ನೂ ಕಡಿಮೆಗೆ ಕೆಝೆಡ್‌ನವರ ಇಡಿಎಕ್ಸ್ ಪ್ರೊ. ಮೂರರಲ್ಲೂ ಒಂದು ಕಿವಿಗೆ ಒಂದೇ 10 ಮಿಲಿಮೀಟರ್ ಡ್ರೈವರ್, ಅಂದರೆ ದನಿ ಹೊರಡಿಸುವ ಭಾಗ. ಡೋಲು, ಬೀಟು ಜಾಸ್ತಿ ಇಷ್ಟವಾದರೆ ಕೆಝೆಡ್. ಹಾಡುವವರ ಗಂಟಲು ಸ್ಪಷ್ಟ ಕೇಳಬೇಕಾದರೆ ಝೀರೋ ಅಥವಾ ಚೂ. ಝೀರೋದ ಎರಡನೇ ಆವೃತ್ತಿಯಲ್ಲಿ ಬೇಸ್ ಸ್ವಲ್ಪ ಏರಿಸಿದ್ದಾರೆ. ನಿನಗೆ ನನ್ನ ಆಯ್ಕೆ ಚೂ 2. ಕಾರಣ, ನೀನು ಕೇಳುವುದರಲ್ಲಿ ಅರ್ಧ ಹಳೆಯ ಹಾಡು, ಇನ್ನರ್ಧ ಅಜ್ಜಿ ಕಲಿಸಿದ ಕಛೇರಿ ಸಂಗೀತ. 2022ರಲ್ಲಿ ಬಂದ ಮೊದಲ ಚೂದಲ್ಲಿ ವೈರ್ ಬಿಚ್ಚಲು ಬರುತ್ತಿರಲಿಲ್ಲ, ವೈರ್ ಕಿತ್ತರೆ ಇಡೀ ಜೊತೆ ದಂಡ. ಎರಡನೆಯದರಲ್ಲಿ ಅದನ್ನು ಸರಿಮಾಡಿದ್ದಾರೆ, 0.78 ಮಿಲಿಮೀಟರಿನ ಎರಡು ಪಿನ್ನು, ಎಳೆದರೆ ಬರುತ್ತೆ, ಬೇರೆ ವೈರ್ ತಂದು ಸಿಕ್ಕಿಸಬಹುದು. ಫೋನಲ್ಲಿ ಮಾತಾಡಬೇಕಾದರೆ ಮೈಕ್ ಇರುವುದು ಅಂತ ಸರಿಯಾಗಿ ನೋಡಿ ಒತ್ತು, ಮೈಕ್ ಇಲ್ಲದ್ದೂ ಅದೇ ಫೋಟೋ ಹಾಕಿಕೊಂಡು ಪಕ್ಕದಲ್ಲೇ ಕೂತಿರುತ್ತೆ.

ಇಷ್ಟು ಅಗ್ಗಕ್ಕೆ ಹೇಗೆ ಅಂತ ನಿನಗೆ ಅನುಮಾನ ಬರಬಹುದು. ಮಂದಿಗೆ ಎಂಥ ದನಿ ಹಿತ ಅನ್ನುವುದನ್ನು ಹಾರ್ಮನ್ ಅನ್ನುವ ಆಡಿಯೋ ಕಂಪನಿಯಲ್ಲಿ ಶಾನ್ ಆಲಿವ್ ಅನ್ನುವ ಸಂಶೋಧಕ ಮತ್ತು ಜೊತೆಯವರು ವರ್ಷಗಟ್ಟಲೆ ಜನರನ್ನು ಕೂರಿಸಿ ಕೇಳಿಸಿ ಕಂಡುಕೊಂಡರು, ಬೇಸ್ ಎಷ್ಟಿರಬೇಕು, ಕೀರಲು ಎಷ್ಟಿರಬೇಕು ಅಂತ ಒಂದು ಗೆರೆ ಎಳೆದು ಪ್ರಕಟಿಸಿಬಿಟ್ಟರು. ಗೆರೆ ಎಲ್ಲರಿಗೂ ಸಿಕ್ಕ ಮೇಲೆ ಅದರ ಹತ್ತಿರ ಹೋಗುವುದಕ್ಕೆ ಚಿನ್ನದ ತಂತಿ ಬೇಕಿಲ್ಲ. 2017ರಲ್ಲಿ ಬ್ರೇಬಾರ್ಟ್ ಅನ್ನುವ ಸಂಶೋಧಕ ನೂರಾರು ಹೆಡ್‌ಫೋನ್ ಅಳತೆ ಹೋಲಿಸಿ ನೋಡಿದಾಗ, ಅವುಗಳ ದನಿಯ ಗೆರೆಗೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ದುಬಾರಿಯದ್ದರಲ್ಲಿ ಗಟ್ಟಿಮುಟ್ಟು, ಅಂದಚಂದ ಇರಬಹುದು, ಅದು ಬೇರೆ ಲೆಕ್ಕ.

ಡಬ್ಬಿ ಮೇಲೆ "ಒಂದು ಕಿವಿಗೆ 5 ಡ್ರೈವರ್" ಅಂತ ಬರೆದಿದ್ದರೆ ಮರುಳಾಗಬೇಡ. ಐದು ಜನ ಸೇರಿ ಹಾಡಿದರೆ ಒಬ್ಬನಿಗಿಂತ ಚೆನ್ನ ಅಂತ ಏನಿದೆ? ಅದರಲ್ಲಿ ಹಾಕುವ ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನುವ, ದನಿ ಹೊರಡಿಸುವ ಸಣ್ಣ ಪೆಟ್ಟಿಗೆ ಕಿವುಡು ಮೆಷಿನ್ನಿನಲ್ಲೂ ಬಳಸುವಂಥದ್ದು. ಇನ್ನು ಕೆಲವರು "100 ಗಂಟೆ ಓಡಿಸು, ಆಮೇಲೆ ದನಿ ಪಳಗುತ್ತೆ" ಅಂತಾರೆ. ಅಷ್ಟರಲ್ಲಿ ವಾಪಸ್ ಕೊಡುವ ಗಡುವು ಮುಗಿದಿರುತ್ತೆ, ಪಳಗುವುದು ನೀನು. ಅಂದಹಾಗೆ, ಕಿವಿಯೊಳಗಿನ ಸಾಮಾನು ಬಿಚ್ಚಿದ ಮೇಲೆ ಎಷ್ಟೋ ಕಡೆ ವಾಪಸ್ ತಗೊಳ್ಳಲ್ಲ. ದುಡ್ಡು ಕೊಡುವ ಮುಂಚೆ ಅದನ್ನು ಓದು.

ಬಂದ ದಿನ ಹೊಸ ಹಾಡು ಹಾಕಿ ನೋಡಬೇಡ, ನೂರು ಸಲ ಕೇಳಿದ್ದನ್ನು ಹಾಕು. ನಾನು ಯಾವಾಗಲೂ ಕಛೇರಿಯ ರೆಕಾರ್ಡಿಂಗ್ ಹಾಕುತ್ತೇನೆ. ಮೃದಂಗದ ಎಡಮುಖಕ್ಕೆ ರವೆ ಕಲಸಿ ಮೆತ್ತಿರುತ್ತಾರೆ ಗೊತ್ತಲ್ಲ, ಅಲ್ಲಿಂದ ಬರುವ ಗುಂ ಅನ್ನುವ ದನಿ ಬಂದು ತಕ್ಷಣ ನಿಲ್ಲಬೇಕು. ಎಳೆದುಕೊಂಡು ಹೋಗಿ ಹಾಡುವವರ ದನಿ ಮೇಲೆ ಬಿದ್ದರೆ ಬೇಸ್ ಕೊಬ್ಬಿದೆ ಅಂತ ಅರ್ಥ. ಹಿಂದೆ ತಂಬೂರಿ ಸಣ್ಣಗೆ ಕೇಳುತ್ತಲೇ ಇರಬೇಕು. 'ಸ', 'ಶ' ಬಂದಾಗ ಕಿವಿಗೆ ಚುಚ್ಚಿದರೆ ನಿನಗದು ಒಗ್ಗಲ್ಲ. ಆದರೆ ಪಿ.ಬಿ. ಶ್ರೀನಿವಾಸ್ ಕಾಲದ ಹಾಡು ಹಾಕಿ "ಎರಡೂ ಕಡೆ ಒಂದೇ ದನಿ ಬರ್ತಿದೆ ಮಾವ" ಅಂತ ಫೋನ್ ಮಾಡಬೇಡ. ಆಗಿನವು ಬಹುಪಾಲು ಮೋನೋ. ರೆಕಾರ್ಡಿನಲ್ಲಿ ಇಲ್ಲದ್ದನ್ನು ಇಯರ್‌ಫೋನ್ ಎಲ್ಲಿಂದ ತರುತ್ತೆ?

ಈಗ ಬೈಗುಳದ ಭಾಗ. ಹೋದ ಸಲ ನೀನು ಬಂದಾಗ ಜಗಲಿಯಲ್ಲಿ ಕೂತು ಕೇಳುತ್ತಿದ್ದ ಹಾಡು ನನಗೆ ಅಡುಗೆಮನೆಯಲ್ಲಿ ಕೇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ದೊಡ್ಡವರು ದನಿಯ ಜೋರು 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು ಅಂತ. ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧಕ್ಕೆ ಇಳಿಯುತ್ತೆ. 83ಕ್ಕೆ 20 ಗಂಟೆ, 86ಕ್ಕೆ 10, ಹೀಗೆ ಲೆಕ್ಕ ಹಾಕುತ್ತಾ ಹೋಗು, ಎಲ್ಲಿಗೆ ಬಂದು ನಿಲ್ಲುತ್ತೆ ನೋಡು. ಬಸ್ಸಿನ ಗದ್ದಲ ಮುಚ್ಚಲು ನೀವು ವಾಲ್ಯೂಮ್ ಏರಿಸುತ್ತೀರಿ. ರಬ್ಬರ್ ಸರಿಯಾಗಿ ಕೂತಿದ್ದರೆ ಗದ್ದಲ ಅಷ್ಟಾಗಿ ಒಳಗೆ ಬರಲ್ಲ, ಅರ್ಧ ವಾಲ್ಯೂಮ್ ಸಾಕಾಗುತ್ತೆ. ನಾನು ರಬ್ಬರ್ ರಬ್ಬರ್ ಅಂತ ಬಾಯಿ ಬಡಿದುಕೊಳ್ಳುವುದು ಅದಕ್ಕೂ ಹೌದು. ಆದರೆ ಅದೇ ಕಾರಣಕ್ಕೆ ರಸ್ತೆ ದಾಟುವಾಗ ತೆಗೆದು ಜೇಬಿಗೆ ಹಾಕು, ಹಿಂದಿನ ಲಾರಿ ಹಾರ್ನ್ ಕೇಳಲ್ಲ.

ನನ್ನ ಕಿವಿಯ ವಿಷಯ ನಿಮ್ಮಮ್ಮನಿಗೂ ಹೇಳಿಲ್ಲ. ಹುಡುಗನಾಗಿದ್ದಾಗ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗಳಿಗೆ ಮೈಕ್ ಸೆಟ್ ಒಯ್ಯುತ್ತಿದ್ದೆ, ಬಾಕ್ಸಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ರಾತ್ರಿಯಿಡೀ. ಹತ್ತು ಹನ್ನೆರಡು ವರ್ಷ. ಎಡಗಿವಿಯಲ್ಲಿ ಈಗ ಜೀರುಂಡೆ ಕೂಗುತ್ತೆ. ಬೇಸಿಗೆ, ಮಳೆಗಾಲ ಅಂತಿಲ್ಲ. ಬೆಳಿಗ್ಗೆ ಅಂಗಡಿಯ ಗದ್ದಲದಲ್ಲಿ ಮರೆತಿರುತ್ತೇನೆ, ರಾತ್ರಿ ದೀಪ ಆರಿಸಿದ ಮೇಲೆ ಶುರುವಾಗುತ್ತೆ. ತಂಬೂರಿಯ ಸಣ್ಣ ದನಿ ಅಂತ ಮೇಲೆ ಬರೆದೆನಲ್ಲ, ಅದನ್ನು ನಾನು ಬಲಗಿವಿಯಲ್ಲಿ ಮಾತ್ರ ಕೇಳುವುದು.

ಇನ್ನು ಇಟ್ಟುಕೊಳ್ಳುವ ರೀತಿ. "ಒಂದು ಕಡೆ ಹೋಯ್ತು" ಅಂತ ನನ್ನ ಹತ್ತಿರ ಬರುವುದರಲ್ಲಿ ಸುಮಾರು ಅರ್ಧ ಹೋಗಿಯೇ ಇರುವುದಿಲ್ಲ. ರಬ್ಬರ್ ತೆಗೆದು ಭೂತಗನ್ನಡಿ ಹಿಡಿದರೆ ಮೂತಿಯ ಜಾಲರಿ ತುಂಬಾ ಕಿವಿಯ ಗುಗ್ಗೆ. ಮೂತಿಯನ್ನು ಕೆಳಮುಖ ಮಾಡಿ ಹಿಡಿದು ಒಣ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದರೆ ಉದುರುತ್ತೆ. ಪಿನ್ನು ಹಾಕಿ ಚುಚ್ಚಬೇಡ, ಜಾಲರಿ ಹರಿದರೆ ಕೊಳೆ ಪೊರೆಗೇ ಹೋಗಿ ಕೂರುತ್ತೆ. ರಬ್ಬರನ್ನು ವಾರಕ್ಕೊಮ್ಮೆ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸು. ವೈರನ್ನು ಫೋನಿಗೆ ಬಿಗಿಯಾಗಿ ಸುತ್ತಬೇಡ, ಕಿತ್ತು ಹೋಗುವುದು ಹೆಚ್ಚಾಗಿ ಪಿನ್ನಿನ ಬುಡದಲ್ಲೇ. ಕಿವಿಯ ಮೇಲಿಂದ ಹಿಂದಕ್ಕೆ ತಿರುಗಿಸಿ ಹಾಕಿಕೊಂಡರೆ ವೈರ್ ಅಂಗಿಗೆ ತಾಗಿ ಬರುವ ಕರಕರ ಸದ್ದೂ ಕಮ್ಮಿ.

ನಿನ್ನ ಹಳೆಯದ್ದನ್ನು ಎಸೆದಿಲ್ಲ ತಾನೇ? ಗೌರಿ ಹಬ್ಬಕ್ಕೆ ಬರುವಾಗ ತಗೊಂಡು ಬಾ. ಪಿನ್ ಕತ್ತರಿಸಿ ಹೊಸದು ಹಾಕೋಣ, ಬೆಸುಗೆ ನೀನೇ ಹಾಕು. ಒಳಗೆ ಕೆಂಪು, ಹಸಿರು, ತಾಮ್ರದ ಬಣ್ಣದ ಕೂದಲಿನಂಥ ತಂತಿಗಳಿರುತ್ತವೆ, ಸಾಮಾನ್ಯವಾಗಿ ಕೆಂಪು ಬಲಕ್ಕೆ, ಹಸಿರು ಎಡಕ್ಕೆ. ನೋಡಲು ಬರಿಯ ತಂತಿ, ಆದರೆ ಮೇಲೆ ಅರಗಿನ ಲೇಪ ಇರುತ್ತೆ. ಅದನ್ನು ಮೊದಲು ಬಿಸಿಯಲ್ಲಿ ಸುಡದಿದ್ದರೆ ಸೀಸ ಹಿಡಿಯಲ್ಲ. ನಾನು ಮೊದಲ ಸಲ ಇದು ಗೊತ್ತಿಲ್ಲದೆ ಅರ್ಧ ದಿನ ಒದ್ದಾಡಿದ್ದೆ. ಬೆಸುಗೆ ಕಡ್ಡಿ ಇಲ್ಲಿದೆ, ಪಿನ್ನು ಮಾತ್ರ ಬೆಂಗಳೂರಿನ ಎಸ್.ಪಿ. ರೋಡಿಂದ ಎರಡು ತಗೊಂಡು ಬಾ. ಇಲ್ಲಿ ಸಿಗುವುದು ಸರಿ ಇಲ್ಲ.

ನಿನ್ನ ಮಾವ