ದೇವೀರಮ್ಮನ ಬೆಟ್ಟ ಹತ್ತಿ ಬಂದೆ, ನಿಮಗೆಲ್ಲ ಥ್ಯಾಂಕ್ಸ್

ಈ ಸಲ ನರಕ ಚತುರ್ದಶಿಗೆ ಮಲ್ಲೇನಹಳ್ಳಿಯ ದೇವೀರಮ್ಮನ ಬೆಟ್ಟ ಹತ್ತಿದೆ. ಬರಿಗಾಲಲ್ಲೇ. ಹೋದ ದೀಪಾವಳಿಗೆ ಬಚ್ಚಲಿಗೆ ಹೋಗೋಕೂ ಯಾರದ್ದಾದರೂ ಹೆಗಲು ಬೇಕಿತ್ತು. ಆ ಹೆಗಲು ಕೊಟ್ಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶುರುವಾಗಿದ್ದು ಬರೀ ಭೇದಿಯಿಂದ. ಒಂದು ಗೃಹಪ್ರವೇಶದ ಊಟ ಮಾಡಿ ಬಂದ ಮೇಲೆ ಮನೆಯವರಿಗೆಲ್ಲ ಜ್ವರ, ಹೊಟ್ಟೆನೋವು. ಊಟವೋ ನೀರೋ, ಗೊತ್ತಾಗಲೇ ಇಲ್ಲ. ಓಆರ್‌ಎಸ್ ಕುಡಿದು ಸುಧಾರಿಸಿಕೊಂಡೆವು. ಎರಡು ಮೂರು ವಾರ ಕಳೆದಿರಬೇಕು, ನನ್ನ ಬಲಮಂಡಿ ಊದಿತು. ಆಮೇಲೆ ಹಿಮ್ಮಡಿ. ಬೆಳಿಗ್ಗೆ ಎದ್ದು ಕಾಲು ಊರಿದರೆ ಜೀವ ಹೋಗುತ್ತಿತ್ತು. ಕಣ್ಣೂ ಕೆಂಪಾಯಿತು. ನಾನು ಬ್ಲೌಸ್ ಹೊಲಿಯುವವಳು, ಮೆಷಿನ್ ತುಳಿಯದಿದ್ದರೆ ನಡೆಯಲ್ಲ.

ಚಿಕ್ಕಮಗಳೂರಲ್ಲಿ ಮಂಡಿ ಊದಿತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಚಿಕೂನ್‌ಗುನ್ಯಾ. ಅದರ ಟೆಸ್ಟ್ ನೆಗೆಟಿವ್ ಬಂತು. ಆಗ 'ವಯಸ್ಸಾಯ್ತಲ್ಲ' ಅಂದರು. ನನಗಿನ್ನೂ ನಲವತ್ತು ಆಗಿಲ್ಲ ಮಾರಾಯ್ರೇ!

ಮೊದಲ ಥ್ಯಾಂಕ್ಸ್ ಹಾಸನದ ಡಾಕ್ಟರಮ್ಮನಿಗೆ. ಮಂಡಿ ಮುಟ್ಟುವ ಮೊದಲೇ ಕೇಳಿದರು: "ಇತ್ತೀಚೆಗೆ ಭೇದಿ ಏನಾದ್ರೂ ಆಗಿತ್ತಾಮ್ಮ?" ನಾನೂ ನಮ್ಮನೆಯವರೂ ಮುಖ ಮುಖ ನೋಡಿಕೊಂಡೆವು. ಸಿರಿಂಜ್ ಹಾಕಿ ಮಂಡಿಯಿಂದ ಹಳದಿ ನೀರು ತೆಗೆದರು. ಕಲ್ಚರ್ ಮಾಡಿದರೆ ಅದರಲ್ಲಿ ಯಾವ ರೋಗಾಣುವೂ ಬೆಳೆಯಲಿಲ್ಲ. ಇದು ರಿಯಾಕ್ಟಿವ್ ಆರ್ಥ್ರೈಟಿಸ್ ಅಂದರು. ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾ ಕರುಳಿಗೆ ಬಂದು ಹೋದ ಮೇಲೆ ಕೆಲವರ ದೇಹ ಜಗಳ ನಿಲ್ಲಿಸುವುದಿಲ್ಲ, ತನ್ನದೇ ಕೀಲುಗಳ ಮೇಲೆ ತಿರುಗಿಬೀಳುತ್ತೆ. ಎಚ್‌ಎಲ್‌ಎ-ಬಿ27 ಅನ್ನುವ ಜೀನ್ ಇರುವವರಿಗೆ ಇದು ಜಾಸ್ತಿ. ನನ್ನ ರಕ್ತದಲ್ಲಿ ಅದು ಪಾಸಿಟಿವ್. ಒಂದೇ ಸಾಲಿನಲ್ಲಿ ಕೂತು ಉಂಡವರೆಲ್ಲ ಓಡಾಡಿಕೊಂಡಿದ್ದಾರೆ, ನನಗ್ಯಾಕೆ ಹೀಗೆ ಅನ್ನುವ ಹೊಟ್ಟೆಉರಿ ಅವತ್ತು ಸ್ವಲ್ಪ ಇಳಿಯಿತು. (ಭಾವನವರ ಹೊಟ್ಟೆ ಮಾತ್ರ ತಿಂಗಳುಗಟ್ಟಲೆ ಸರಿ ಇರಲಿಲ್ಲ. ಸೋಂಕಿನ ನಂತರದ ಐಬಿಎಸ್ ಅಂತೆ, ಅಂದರೆ ಸೋಂಕು ಹೋದರೂ ಕರುಳು ಹದಕ್ಕೆ ಬರದೆ ಹೊಟ್ಟೆ ಕೆಡುತ್ತಲೇ ಇರುವುದು.)

ಕೀಲಿನಲ್ಲಿ ಜೀವಂತ ರೋಗಾಣು ಇಲ್ಲದ ಮೇಲೆ ಆಂಟಿಬಯಾಟಿಕ್ ಯಾಕೆ ಅಂತ ಅವರು ಬರೀ ನೋವು-ಊತದ ಮಾತ್ರೆ ಬರೆದರು. ತುಂಬಾ ಜನರಿಗೆ ಆರು ತಿಂಗಳಿಂದ ವರ್ಷದೊಳಗೆ ಇಳಿಯುತ್ತಂತೆ. ನನ್ನದು ಹಟಮಾರಿ, ದೇಹದ ಈ ಜಗಳ ತಣಿಸುವ ಸಲ್ಫಾಸಲಜಿನ್ ಅನ್ನುವ ಮಾತ್ರೆ ಶುರು ಮಾಡಬೇಕಾಯಿತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಬಹುದು, ಹೆದರಬೇಡಿ ಅಂತ ಮೊದಲೇ ಹೇಳಿದ್ದರು. ಹೇಳದಿದ್ದರೆ ಅವತ್ತೇ ಎದೆ ಒಡೆದುಕೊಳ್ಳುತ್ತಿದ್ದೆ.

ರಕ್ತ ತೆಗೆಯಲು ಮನೆಗೇ ಬರುತ್ತಿದ್ದ ಲ್ಯಾಬ್ ಹುಡುಗನಿಗೆ, ಮೆಷಿನ್‌ಗೆ ಮೋಟಾರ್ ಹಾಕಿಸಿಕೊಟ್ಟ ತಮ್ಮನಿಗೆ ಥ್ಯಾಂಕ್ಸ್. ಅತ್ತೆಗೆ ಏನು ಹೇಳಲಿ? ಬೆಳಿಗ್ಗೆ ಕುಂಟುತ್ತಿದ್ದವಳು ಮಧ್ಯಾಹ್ನದ ಹೊತ್ತಿಗೆ ಓಡಾಡುತ್ತಿದ್ದೆ. ಈ ಕಾಯಿಲೆಯೇ ಹಾಗೆ, ಆದರೆ ನೋಡಿದವರಿಗೆ ನಾಟಕ ಅನಿಸುತ್ತೆ ಅಲ್ವಾ? ಅತ್ತೆ ಒಂದು ದಿನವೂ ಹಾಗೆ ಅನ್ನಲಿಲ್ಲ. ನಾನು ಕಟಿಂಗ್ ಮಾಡಿ ಕೊಟ್ಟರೆ ಓರಗಿತ್ತಿ ಕೂತು ಹೊಲಿದಳು. ಫಾಲ್ ಎಷ್ಟೋ ಸಲ ಸೊಟ್ಟಗಾಯಿತು. ಒಬ್ಬ ಗಿರಾಕಿಯೂ ಸೀರೆ ವಾಪಸ್ ತರಲಿಲ್ಲ, ನಿಮ್ಮ ದೊಡ್ಡ ಮನಸ್ಸು.

ಬೆಟ್ಟಕ್ಕೆ ರವಿಕೆ ಕಣ, ತುಪ್ಪ ಹೊತ್ತುಕೊಂಡು ಹೋಗಿದ್ದೆ. ಇಳಿದ ಮೇಲೆ ಹಿಮ್ಮಡಿ ಒಂದಿಷ್ಟು ನೋಯಿತು, ಸುಳ್ಳು ಹೇಳಲ್ಲ. ಮಾತ್ರೆಯೂ ಪೂರ್ತಿ ನಿಂತಿಲ್ಲ. ಆದರೆ ಹೊಲಿಗೆ ಮತ್ತೆ ಶುರುವಾಗಿದೆ. ಮದುವೆ ಬ್ಲೌಸ್ ಇರುವವರು ತುಳಸಿ ಹಬ್ಬಕ್ಕೆ ಮುಂಚೆಯೇ ಬಟ್ಟೆ ತಂದುಕೊಡಿ. ಆಮೇಲೆ ಬಂದು ನಾಳೆಗೇ ಬೇಕು ಅನ್ನಬೇಡಿ.