ಚಿತ್ರದ ಕೆಳಗೆ ಬರೆದವರ ಹೆಸರಿರಲಿ

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯ ಗಿಡಮೂಲಿಕೆ ಅಂಕಣವನ್ನು ನಾನು ತಪ್ಪದೆ ಓದುತ್ತೇನೆ. ಹೋದ ವಾರ ಗೌರಿ ಹೂವಿನ ಬಗ್ಗೆ ಬಂದಿತ್ತು. ಪಕ್ಕದಲ್ಲಿ ಚೆಂದದ ಜಲವರ್ಣ ಚಿತ್ರ. ಅದರ ಕೆಳಗೆ ‘ಕೃಪೆ: ಅಂತರ್ಜಾಲ’ ಎಂದಿತ್ತು. ಅಂತರ್ಜಾಲ ಕುಂಚ ಹಿಡಿಯುವುದಿಲ್ಲ, ಅಲ್ವಾ? ಯಾರೋ ಕೂತು ಬರೆದಿರುತ್ತಾರೆ.

ನಾನು ಶಿವಮೊಗ್ಗದ ಕಡೆಯವಳು. ಮದುವೆಯಾಗಿ ಪುಣೆಗೆ ಬಂದೆ, ಇಲ್ಲಿಯ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ರಿಟೈರ್ ಆದ ಮೇಲೆ ಗಿಡಗಳ ಚಿತ್ರ ಬರೆಯುವ ಹುಚ್ಚು ಹಿಡಿದಿದೆ. ಗೌರಿ ಹೂವನ್ನು ನಾನೂ ಬರೆದಿದ್ದೇನೆ. ಮಳೆಗಾಲದಲ್ಲಿ ಸಿಂಹಗಡದ ಕಡೆ ಪೊದೆಗಳ ಮೇಲೆ ಹಬ್ಬಿರುತ್ತದೆ, ಇಲ್ಲಿಯವರು ಕಳಲಾವಿ ಅನ್ನುತ್ತಾರೆ. ಆರು ಎಸಳು, ಎಲ್ಲವೂ ಹಿಂದಕ್ಕೆ ಮಡಚಿ ಮೇಲೆದ್ದಿರುತ್ತವೆ. ಮುಂದೆ ಕಾಯಿಯಾಗುವ ಹಸಿರು ಭಾಗದಿಂದ ಒಂದು ಸಣ್ಣ ಕಡ್ಡಿ ಹೊರಡುತ್ತದೆ. ಅದು ಬುಡದಲ್ಲೇ ಥಟ್ಟನೆ ಪಕ್ಕಕ್ಕೆ ತಿರುಗುತ್ತದೆ, ಬಡಗಿ ಮೂಲೆಮಟ್ಟ ಇಟ್ಟು ತಿರುಗಿಸಿದ ಹಾಗೆ. ಮೇಲಿನಿಂದ ಫೋಟೋ ತೆಗೆದರೆ ಇದು ಕಾಣುವುದೇ ಇಲ್ಲ. ಎಲೆಯ ತುದಿ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿಯುತ್ತದೆ. ಹೂವಿನ ಬಣ್ಣ ಹಸಿರು ಹಳದಿಯಿಂದ ಶುರುವಾಗಿ ದಿನ ಕಳೆದಂತೆ ಕೆಂಪಿಗೆ ಹೋಗುತ್ತದೆ. ಫೋಟೋದಲ್ಲಿ ಒಂದು ದಿನದ ಹೂ ಮಾತ್ರ ಇರುತ್ತದೆ. ಚಿತ್ರದಲ್ಲಾದರೆ ಮೊಗ್ಗು, ಅರಳಿದ ಹೂ, ಕಾಯಿ, ಕವಲೊಡೆದ ಗೆಡ್ಡೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಇಡಬಹುದು. ಆದರೆ ಕಾಯಿ ಬಲಿಯುವ ತನಕ ಕಾಯಬೇಕು.

ಅಂದಹಾಗೆ ಆ ಗೆಡ್ಡೆ ವಿಷ. ಅದರಲ್ಲಿ ಕಾಲ್ಚಿಸಿನ್ ಇದೆ, ತಿಂದರೆ ಪ್ರಾಣಕ್ಕೇ ಅಪಾಯ. ಚಿತ್ರ ನೋಡಿ ಗಿಡ ಗುರುತಿಸುವವರು ಇದ್ದೇ ಇರುತ್ತಾರೆ. ಹಾಗಾಗಿ ಇಂಥ ಅಂಕಣದಲ್ಲಿ ಚಿತ್ರ ಸುಮ್ನೆ ಅಂದಕ್ಕೆ ಹಾಕುವ ವಸ್ತುವಲ್ಲ. ಬರೆದವರು ಯಾರು ಅನ್ನುವುದು ಓದುಗರಿಗೆ ಗೊತ್ತಿರಬೇಕು.

ಹೆಸರು ಬಿಟ್ಟುಬಿಡುವ ರೋಗ ಹಳೆಯದು. ನಾನಿರುವ ಪಿಂಪಳೆ ಗುರವದ ಪಕ್ಕವೇ ದಾಪೋಡಿ. ಅಲ್ಲಿ ಹಿಂದೆ ಸರ್ಕಾರಿ ಸಸ್ಯತೋಟವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಅಲೆಕ್ಸಾಂಡರ್ ಗಿಬ್ಸನ್ 1847ರಿಂದ 1850ರ ನಡುವೆ ಅಲ್ಲಿಯ ಗಿಡಗಳ ಚಿತ್ರ ಬರೆಸಿದ. ಬರೆದವನು ಪೋರ್ಚುಗೀಸ್ ಮೂಲದ ಒಬ್ಬ ಭಾರತೀಯ. ಚಿತ್ರಗಳು ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಗಿಬ್ಸನ್ ಹೆಸರು ಉಳಿದಿದೆ, ದಾಪೋಡಿಯದೂ ಉಳಿದಿದೆ. ಕುಂಚ ಹಿಡಿದವನದು ಮಾತ್ರ ಇಲ್ಲ.

ನಮ್ಮೂರ ಕಥೆಯೂ ಇದೇ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ಸರ್ಜನ್ ಹ್ಯೂ ಕ್ಲೆಗಾರ್ನ್ ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡ ಬರೆಸುತ್ತಿದ್ದ. ದಿನಕ್ಕೊಂದು! ನನಗೆ ಒಂದು ಎಲೆಯ ನರ ಮುಗಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಆ ಪುಣ್ಯಾತ್ಮ ಇವತ್ತಿಗೂ ಬರೀ ‘ಮರಾಠಿ ಚಿತ್ರಕಾರ’. ಅವನ ಭಾಷೆಯ ಊರಲ್ಲಿ ಕೂತು ಗಿಡ ಬರೆಯುವ ಶಿವಮೊಗ್ಗದವಳಿಗೆ ಇದು ಸ್ವಲ್ಪ ಜಾಸ್ತಿಯೇ ಚುಚ್ಚುತ್ತದೆ.

ಎಲ್ಲ ಸಾಹೇಬರೂ ಹಾಗಿರಲಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್‌ಗೆ ಚಿತ್ರ ಬರೆದುಕೊಟ್ಟವರು ರಂಗಯ್ಯ ಮತ್ತು ಗೋವಿಂದು. ವೈಟ್ ಒಂದು ಆರ್ಕಿಡ್ ಕುಲಕ್ಕೆ ಗೋವಿಂದೂಯಿಯಾ ಎಂದೇ ಹೆಸರಿಟ್ಟ. ಸಸ್ಯಶಾಸ್ತ್ರಜ್ಞರು ಆಮೇಲೆ ಅದನ್ನು ಬೇರೆ ಕುಲಕ್ಕೆ ಸೇರಿಸಿದರು, ಆ ಮಾತು ಬೇರೆ.

ನಿಮ್ಮಿಂದ ಆರ್ಕಿಡ್ ಕೇಳುತ್ತಿಲ್ಲ. ಚಿತ್ರದ ಕೆಳಗೆ ಒಂದು ಸಾಲು ಸಾಕು. ಹುಡುಕಿದರೂ ಹೆಸರು ಸಿಗದಿದ್ದರೆ ಆ ಚಿತ್ರ ಬಿಟ್ಟುಬಿಡಿ. ಗಿಡ ನೋಡಿ ಬರೆಯುವ ಕನ್ನಡದವರು ಊರೂರಲ್ಲಿದ್ದಾರೆ, ಅವರನ್ನೇ ಕೇಳಿ. ಸಂಭಾವನೆ ಎಷ್ಟು ಅಂತ ಮೊದಲೇ ತಿಳಿಸಿದರೆ ಇನ್ನೂ ಒಳ್ಳೆಯದು.

– ಒಬ್ಬ ಓದುಗಿ, ಪಿಂಪಳೆ ಗುರವ, ಪುಣೆ