ದೇವಿಮನೆ ಘಟ್ಟದ ತಿರುವುಗಳ ಕುರಿತು ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಶಿರಸಿಯಲ್ಲಿ ಇಪ್ಪತ್ತು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿರುವ ನಾನು, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರಾದ ತಮ್ಮಲ್ಲಿ ಒಂದು ವಿನಂತಿ ಮಾಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಕುಮಟೆಯಿಂದ ಮರಳುವಾಗ, ದೇವಿಮನೆ ಘಟ್ಟದ ತಿರುವೊಂದರಲ್ಲಿ ಲಾರಿಯೂ ಕಾರೂ ಮುಖಾಮುಖಿ ಡಿಕ್ಕಿಯಾಗಿ ನಿಂತಿದ್ದವು. ಲಾರಿಯ ಬಂಪರ್ ಒಂದು ಕಡೆ ಸೊಟ್ಟಗಾಗಿತ್ತು, ಅಷ್ಟೆ. ಕಾರಿನ ಸ್ಟೇರಿಂಗ್ ಚಾಲಕನ ಸೀಟಿನ ಬೆನ್ನಿಗೆ ತಾಗಿತ್ತು. ಕಾರಿಗೆ ಬಿದ್ದ ಹೊಡೆತವೇ ಜೋರು ಎಂದು ಸೇರಿದವರೆಲ್ಲ ಹೇಳುತ್ತಿದ್ದರು.

ನ್ಯೂಟನ್‌ನ ಮೂರನೆಯ ನಿಯಮದಂತೆ ಹೊಡೆತದ ಬಲ ಎರಡರ ಮೇಲೂ ಸಮನಾಗಿಯೇ ಇರುತ್ತದೆ. ಆ ಬಲದಿಂದ ಯಾರ ವೇಗ ಎಷ್ಟು ಬದಲಾಗುತ್ತದೆ ಎಂಬುದರಲ್ಲಿದೆ ವ್ಯತ್ಯಾಸ. 16 ಟನ್ನಿನ ಲಾರಿಯೂ 1 ಟನ್ನಿನ ಕಾರೂ ಗಂಟೆಗೆ 60 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಗುದ್ದಿ ಸಿಕ್ಕಿಕೊಂಡರೆ, ಸಂವೇಗ ಸಂರಕ್ಷಣೆಯ (ರಾಶಿಯನ್ನು ವೇಗದಿಂದ ಗುಣಿಸಿದ ಮೊತ್ತ ಡಿಕ್ಕಿಯ ಮೊದಲೂ ಆಮೇಲೂ ಒಂದೇ ಎಂಬ) ಲೆಕ್ಕದಲ್ಲಿ ಎರಡೂ ಲಾರಿಯ ದಿಕ್ಕಿಗೇ ಸುಮಾರು 53 ಕಿ.ಮೀ. ವೇಗದಲ್ಲಿ ಸಾಗುತ್ತವೆ. ಲಾರಿಯ ವೇಗ ಬದಲಾದದ್ದು ಬರೀ 7. ಕಾರಿನದು, ಮುಂದಿನ 60 ಹೋಗಿ ಹಿಂದಕ್ಕೆ 53 ಸೇರಿ, 113. ಒಂದೇ ತೂಕದ ಎರಡು ಕಾರುಗಳಾಗಿದ್ದರೆ, ಜನ ತಿಳಿದಂತೆ 120ರಲ್ಲಿ ಅಲ್ಲ, ತಲಾ 60ರಲ್ಲಿ ಗೋಡೆಗೆ ಗುದ್ದಿದಂತೆ ಆಗುತ್ತಿತ್ತು. ಅದೂ ಸಣ್ಣದಲ್ಲ: 14 ಮೀಟರ್ ಎತ್ತರದ ಅಡಿಕೆ ಮರದ ತುದಿಯಿಂದ, ಗೊನೆ ಕೊಯ್ಯುವ ಕೊನೆಗೌಡ ಜಾರಿ ನೆಲಕ್ಕೆ ಬೀಳುವ ವೇಗ ಅದು. 113ಕ್ಕೆ ಅಂಥ ಮೂರು ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಸಾಲದು. ಸೀಟ್ ಬೆಲ್ಟ್ ಅವಶ್ಯವೇ, ಆದರೆ ಅಷ್ಟು ವೇಗ ಕ್ಷಣಾರ್ಧದಲ್ಲಿ ಬದಲಾದಾಗ ಅದರ ಶಕ್ತಿಗೂ ಮಿತಿಯಿದೆ.

ಹೀಗಾಗಿ ಡಿಕ್ಕಿಯನ್ನು ತಡೆಯುವ ಅವಕಾಶವಿರುವುದು ಅದಕ್ಕೆ ಮೊದಲೇ, ಚಾಲಕರಿಬ್ಬರೂ ಒಬ್ಬರನ್ನೊಬ್ಬರು ಕಾಣುವ ದೂರದಲ್ಲಿ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಪ್ರಕಾರ 60ರ ವೇಗದಲ್ಲಿ ಒಂದು ವಾಹನ ನಿಲ್ಲಲು 80 ಮೀಟರ್ ಬೇಕು, 40ರಲ್ಲಾದರೆ 45. ಎದುರುಬದುರಾದ ಎರಡಕ್ಕೆ 160, ಇಲ್ಲವೇ 90. ಆ ತಿರುವಿನಲ್ಲಿ ನಾನೇ ಟೇಪು ಹಿಡಿದು ಅಳೆದೆ. ಒಳಬದಿಯ ದರೆ (ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆ) ಮತ್ತು ಅದರ ಮೇಲೆ ಬೆಳೆದ ಪೊದೆಯಿಂದಾಗಿ ಕಾಣುವುದು 50 ಮೀಟರ್ ಮಾತ್ರ. 60ರಲ್ಲಿ ಬರುವ ಎರಡು ವಾಹನಗಳು ಆ ಅಂತರವನ್ನು ಒಂದೂವರೆ ಸೆಕೆಂಡಿನಲ್ಲಿ ಮುಗಿಸುತ್ತವೆ. ಬ್ರೇಕಿಗೆ ಕಾಲು ಹೋಗುವುದಕ್ಕೇ ಅಷ್ಟು ಹೊತ್ತು ಬೇಕು.

ಮಳೆ ನಿಂತ ಕೂಡಲೇ ಒಳಬದಿಯ ಪೊದೆಗಳನ್ನು ಕಡಿಸಿ, ಕುಸಿತದ ಭಯವಿಲ್ಲದ ಕಡೆ ದರೆಯನ್ನು ಹಿಂದಕ್ಕೆ ಸರಿಸಬೇಕು. ಅದಾಗುವವರೆಗೆ ಪ್ರತಿ ತಿರುವಿನಲ್ಲೂ ಕಾಣುವ ದೂರವನ್ನು ಅಳೆಸಿ, ಅದರ ಪ್ರಕಾರವೇ ವೇಗಮಿತಿಯ ಫಲಕ ಹಾಕಿಸಬೇಕು. ಇಡೀ ಘಟ್ಟಕ್ಕೆ ಒಂದೇ ಸಂಖ್ಯೆ ಬರೆದರೆ ಸಾಲದು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ 60ರಿಂದ 40ಕ್ಕೆ ಇಳಿದರೆ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅಳತೆಗೆ ಜನ ಬೇಕಿದ್ದರೆ ನನ್ನ ವಿದ್ಯಾರ್ಥಿಗಳು ಯಾವ ಭಾನುವಾರವಾದರೂ ಬರಲು ಸಿದ್ಧರಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಭೌತಶಾಸ್ತ್ರ ಉಪನ್ಯಾಸಕ, ಶಿರಸಿ